ಮೊದಲು ಕಥೆಯಾ, ಮೊದಲು ಸುತ್ತಾಟವಾ? ಸ್ಕೈರಿಮ್, ವಿಚರ್ 3, ಎಲ್ಡನ್ ರಿಂಗ್: ಮೂರು ಆಟ, ಮೂರು ಲೆಕ್ಕ

ಎಲ್ಡನ್ ರಿಂಗ್ ವಿಡಿಯೋ ಗೇಮ್ ಶುರು ಮಾಡಿ, ಕತ್ತಲ ಗುಹೆ ದಾಟಿ, ಲಿಮ್‌ಗ್ರೇವ್ ಬಯಲಿಗೆ ಕಾಲಿಟ್ಟರೆ ಸ್ವಲ್ಪ ದೂರದಲ್ಲೇ ಒಬ್ಬ ಕುದುರೆ ಸವಾರ ಕಾಣುತ್ತಾನೆ. ಮೈತುಂಬ ಚಿನ್ನದ ಕವಚ, ಕೈಯಲ್ಲಿ ಉದ್ದನೆಯ ಹಾಲ್ಬರ್ಡ್ (ಕೊಡಲಿ ಅಲಗಿನ ಈಟಿ). ಹೆಸರು ಟ್ರೀ ಸೆಂಟಿನೆಲ್. ನಾನು ಅದಕ್ಕೂ ಮೊದಲು ವರ್ಷಗಟ್ಟಲೆ ಸ್ಕೈರಿಮ್ ಆಡಿದವನು. ಎದುರು ಸಿಕ್ಕವನನ್ನು ಹೊಡೆದು ಮುಂದೆ ಹೋಗುವುದೇ ಅಭ್ಯಾಸ. ಒಂದು ಇಡೀ ಸಂಜೆ ಅವನ ಕೈಲಿ ಸತ್ತೆ. ಹಿಂದೆ ಕೂತು ಚುರುಮುರಿ ತಿನ್ನುತ್ತಿದ್ದ ಚಿಕ್ಕಪ್ಪನ ಮಗ ಕೊನೆಗೆ ತಡೆಯಲಾರದೆ ಬಾಯಿಬಿಟ್ಟ: "ಅಣ್ಣಾ, ಅವನ ಪಾಡಿಗೆ ಅವನನ್ನ ಬಿಡು. ಪಕ್ಕದಲ್ಲಿ ಅಷ್ಟು ದೊಡ್ಡ ಬಯಲಿದೆ, ಸುತ್ತಿಕೊಂಡು ಹೋಗು."

ನನ್ನ ಕೈಗೆ ಅಷ್ಟೇನೂ ಚುರುಕಿಲ್ಲ, ಒಪ್ಪಿದೆ. ಆದರೆ ಅವತ್ತು ಕೆಟ್ಟಿದ್ದು ಬೇರೆ ಕಾರಣಕ್ಕೆ. ಒಂದು ಆಟದಲ್ಲಿ ಕಲಿತ ಲೆಕ್ಕವನ್ನು ಇನ್ನೊಂದು ಆಟಕ್ಕೆ ಹೊತ್ತುಕೊಂಡು ಹೋಗಿದ್ದೆ.

ಓಪನ್ ವರ್ಲ್ಡ್ ಆರ್‌ಪಿಜಿ, ಅಂದರೆ ಒಂದು ಪಾತ್ರವನ್ನು ಬೆಳೆಸುತ್ತ ದೊಡ್ಡ ಲೋಕದಲ್ಲಿ ಮನಬಂದಂತೆ ಸುತ್ತುವ ಆಟ, ಹೊಸದಾಗಿ ಹಿಡಿದವರೆಲ್ಲ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಮುಖ್ಯ ಕಥೆ ಮೊದಲು ಮುಗಿಸಲಾ, ಊರೂರು ಸುತ್ತಲಾ? ಒಂದೇ ವಿದ್ಯೆ ಹಿಡಿಯಲಾ, ಎಲ್ಲಾ ಸ್ವಲ್ಪ ಸ್ವಲ್ಪ ಕಲಿಯಲಾ? "ನಿಮಗೆ ಹೇಗೆ ಇಷ್ಟವೋ ಹಾಗೆ ಆಡಿ" ಅಂತ ಉತ್ತರ ಕೊಡುವವರು ಬಹಳ ಜನ. ಕೇಳೋಕೆ ಚೆನ್ನಾಗಿದೆ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಈ ಆಟದಲ್ಲಿ ನನ್ನ ಪಾತ್ರಕ್ಕೆ ಬಲ ಬರುವುದು ಎಲ್ಲಿಂದ? ಸ್ಕೈರಿಮ್‌ನಲ್ಲಿ ಮಾಡಿದ ಕೆಲಸದಿಂದ ಬರುತ್ತದೆ. ವಿಚರ್ 3ರಲ್ಲಿ ಮುಗಿಸಿದ ಕ್ವೆಸ್ಟ್‌ನಿಂದ, ಅಂದರೆ ಆಟ ಒಪ್ಪಿಸುವ ಕೆಲಸದಿಂದ. ಎಲ್ಡನ್ ರಿಂಗ್‌ನಲ್ಲಿ ಬಹುಪಾಲು ಹುಡುಕಿ ತಂದ ಸಾಮಾನಿನಿಂದ. ಇಷ್ಟು ಗೊತ್ತಾದರೆ ಸುತ್ತಬೇಕಾ ಬೇಡವಾ ಅನ್ನುವುದು ತಾನಾಗಿ ತಿಳಿಯುತ್ತದೆ.

ಸ್ಕೈರಿಮ್: ಮಾಡಿದ್ದೇ ವಿದ್ಯೆ

2011ರ ನವೆಂಬರ್ 11ಕ್ಕೆ ಬಂದ ಆಟ. ಇಲ್ಲಿ 18 ಸ್ಕಿಲ್‌ಗಳಿವೆ. ಕತ್ತಿ ಬೀಸಿದರೆ ಕತ್ತಿಯ ಸ್ಕಿಲ್ ಏರುತ್ತದೆ, ಏಟು ತಿಂದರೆ ಕವಚದ ಸ್ಕಿಲ್, ಬಗ್ಗಿ ನಡೆದರೆ ಕಳ್ಳನಡಿಗೆಯ ಸ್ಕಿಲ್. ಈ ಏರಿಕೆಗಳೆಲ್ಲ ಸೇರಿ ನಿಮ್ಮ ಲೆವೆಲ್ ಏರುತ್ತದೆ. ಪ್ರತಿ ಲೆವೆಲ್‌ಗೆ ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾ ಮೂರರಲ್ಲಿ ಒಂದಕ್ಕೆ 10 ಅಂಕ, ಜೊತೆಗೆ ಒಂದು ಪರ್ಕ್, ಅಂದರೆ ಯಾವುದಾದರೂ ಸ್ಕಿಲ್‌ಗೆ ಸೇರಿಸಿಕೊಳ್ಳುವ ವಿಶೇಷ ಗುಣ.

ಇನ್ನೊಂದು ಕಡೆ, ಇಲ್ಲಿನ ಶತ್ರುಗಳೂ ಬಹಳಷ್ಟು ಮಟ್ಟಿಗೆ ನಿಮ್ಮ ಜೊತೆಗೇ ಬೆಳೆಯುತ್ತಾರೆ. ಪ್ರತಿ ಜಾಗಕ್ಕೂ ಒಂದು ಕನಿಷ್ಠ, ಒಂದು ಗರಿಷ್ಠ ಮಟ್ಟ ಇರುತ್ತದೆ. ಅದರೊಳಗೆ ನಿಮ್ಮ ಲೆವೆಲ್ ನೋಡಿಕೊಂಡು ಶತ್ರು ತಯಾರಾಗುತ್ತಾನೆ. ಹಾಗಾಗಿ ಎತ್ತ ಹೋದರೂ ನಡೆಯುತ್ತದೆ. ಕಥೆ ಬಿಟ್ಟು ಉತ್ತರಕ್ಕೆ ಹೊರಟರೂ ದಕ್ಷಿಣಕ್ಕೆ ಹೊರಟರೂ ಆಟ ನಿಮ್ಮನ್ನು ಒದ್ದು ಓಡಿಸುವುದಿಲ್ಲ. ವೈಟ್‌ರನ್ ಹತ್ತಿರ ಬೀಡುಬಿಟ್ಟ ದೈತ್ಯರನ್ನು ಕೆಣಕಿದರೆ ಮಾತ್ರ ಬೇರೆ ಮಾತು. ಒಂದೇ ಏಟಿಗೆ ನೀವು ಆಕಾಶದಲ್ಲಿ. ಒಂದು ಸಲ ಹಾರಿ ನೋಡಿ, ಬೇಜಾರಾಗಲ್ಲ.

ಆದರೆ ಈ ಆರಾಮದಲ್ಲೇ ಒಂದು ಗುಂಡಿಯಿದೆ. ಕಮ್ಮಾರಿಕೆ, ಮದ್ದು ಅರೆಯುವುದು, ವ್ಯಾಪಾರದ ಮಾತುಗಾರಿಕೆ ಇವೂ ಲೆವೆಲ್ ಏರಿಸುತ್ತವೆ. ಊರೊಳಗೇ ಕೂತು ಸುತ್ತಿಗೆ ಬಡಿಯುತ್ತ ಲೆವೆಲ್ 20 ಮುಟ್ಟಿದವನ ಕತ್ತಿ ವಿದ್ಯೆ ಇನ್ನೂ ಲೆವೆಲ್ 5ರವನದ್ದೇ. ಆಚೆ ಬಂದರೆ ಕಾಯುತ್ತಿರುವ ಡಕಾಯಿತ ಮಾತ್ರ 20ಕ್ಕೆ ತಯಾರಾದವನು. ಇದೇ ಸರಣಿಯ ಹಿಂದಿನ ಆಟ ಒಬ್ಲಿವಿಯನ್ (2006) ಈ ವಿಷಯದಲ್ಲಿ ಇನ್ನೂ ಹುಚ್ಚಾಟ ಆಡುತ್ತಿತ್ತು. ನಿಮ್ಮ ಲೆವೆಲ್ ಏರಿದ ಮೇಲೆ ದಾರಿಯಲ್ಲಿ ನಾಲ್ಕು ಕಾಸಿಗೆ ಅಡ್ಡಗಟ್ಟುವ ಕಳ್ಳನೂ ಸಾವಿರಾರು ಬೆಲೆಯ ಗಾಜಿನ ಕವಚ ತೊಟ್ಟು ನಿಲ್ಲುತ್ತಿದ್ದ. ಅಷ್ಟು ದುಡ್ಡಿರುವವನಿಗೆ ಕಳ್ಳತನ ಯಾಕೆ ಬೇಕು ಹೇಳಿ.

ಆದ್ದರಿಂದ ಸ್ಕೈರಿಮ್‌ನಲ್ಲಿ ಸುತ್ತಾಟಕ್ಕೆ ಲಗಾಮು ಬೇಡ, ಬೆಳವಣಿಗೆಗೆ ಬೇಕು. ಹೊಡೆಯುವ ವಿದ್ಯೆ ಒಂದು ಅಥವಾ ಎರಡು, ಕವಚ ಒಂದು ಜಾತಿ, ಜೊತೆಗೆ ಒಂದು ಕೈಕೆಲಸ. ಪರ್ಕ್‌ಗಳನ್ನೆಲ್ಲ ಅಲ್ಲಿಗೇ ಸುರಿಯಿರಿ. ಹೆಲ್ಗನ್‌ನಿಂದ ರಿವರ್‌ವುಡ್‌ಗೆ ಹೋಗುವ ದಾರಿಯಲ್ಲೇ ಮೂರು ಕಲ್ಲು ನಿಂತಿವೆ: ಯೋಧ, ಮಂತ್ರವಾದಿ, ಕಳ್ಳ. ಒಂದನ್ನು ಮುಟ್ಟಿದರೆ ಆ ಗುಂಪಿನ ಸ್ಕಿಲ್‌ಗಳು 20% ಬೇಗ ಏರುತ್ತವೆ. ನಂತರ ಬೇಕಾದರೆ ಬದಲಾಯಿಸಬಹುದು. ಇದನ್ನು ನೋಡದೆ ಓಡಿಹೋದವರು ಎಷ್ಟೋ ಜನ. ನಾನೂ ಮೊದಲ ಸಲ ಓಡಿಹೋಗಿದ್ದೆ. ಸ್ಟ್ಯಾಮಿನಾಕ್ಕೆ ಅಂಕ ಹಾಕಿದಾಗೆಲ್ಲ ಹೊರುವ ಭಾರವೂ 5 ಏರುತ್ತದೆ. ಮುರುಕು ಪಾತ್ರೆಯನ್ನೂ ಬಿಡದೆ ಚೀಲಕ್ಕೆ ತುಂಬುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ಕಥೆ ಎಲ್ಲಿಯವರೆಗೆ? ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ವೈಟ್‌ರನ್‌ನ ಕಾವಲು ಗೋಪುರದ ಹತ್ತಿರ ಮೊದಲ ಡ್ರ್ಯಾಗನ್ ಕೊಲ್ಲುವ ತನಕ ಹೋಗಿ. ಆ ಘಟ್ಟ ದಾಟುವ ತನಕ ಬಯಲಲ್ಲಿ ಎಲ್ಲೂ ಡ್ರ್ಯಾಗನ್‌ಗಳು ಎದುರಾಗುವುದಿಲ್ಲ, ಶೌಟ್ ಎಂಬ ಕೂಗಿನ ಮಂತ್ರಗಳ ಶಕ್ತಿಯೂ ಸಿಗುವುದಿಲ್ಲ. ಆಮೇಲೆ 7000 ಮೆಟ್ಟಿಲು ಹತ್ತಿ ಮುನಿಗಳಂಥ ಗ್ರೇಬಿಯರ್ಡ್‌ಗಳನ್ನು ಒಮ್ಮೆ ಕಂಡು ಬನ್ನಿ. ಊರವರು ಹೇಳುವ ಲೆಕ್ಕ 7000, ನಿಜಕ್ಕೂ ಎಣಿಸಿದರೆ ಅಷ್ಟಿಲ್ಲ. ದಾರಿಯಲ್ಲಿ ಬಿಳಿ ಕೂದಲಿನ ಫ್ರಾಸ್ಟ್ ಟ್ರೋಲ್ ಒಂದು ಕಾದಿರುತ್ತದೆ. ಬೆಂಕಿಗೆ ಹೆದರುತ್ತದೆ, ನೆನಪಿರಲಿ. ಇಷ್ಟಾದ ಮೇಲೆ ಕಥೆಯನ್ನು ಮೂಲೆಗೆ ಇಟ್ಟು ತಿಂಗಳುಗಟ್ಟಲೆ ಅಲೆಯಿರಿ. ಲೋಕ ಮುಳುಗಿಸುವ ಡ್ರ್ಯಾಗನ್ ಅಲ್ಡುಯಿನ್‌ಗೆ ಎಷ್ಟು ಬೇಕಾದರೂ ತಾಳ್ಮೆಯಿದೆ.

"ಮಾರ್ಕರ್ (ದಾರಿ ತೋರಿಸುವ ಬಾಣದ ಗುರುತು) ಆಫ್ ಮಾಡಿ ಆಡಿದರೆ ನಿಜವಾದ ಮಜಾ" ಅನ್ನುವ ಸಲಹೆಯೂ ಕಿವಿಗೆ ಬಿದ್ದಿರಬಹುದು. ಇದೇ ಸರಣಿಯ 2002ರ ಆಟ ಮಾರೋವಿಂಡ್‌ಗೆ ಅದು ಸರಿ. ಅಲ್ಲಿ ಜನ ಬಾಯಲ್ಲೇ ದಾರಿ ಹೇಳುತ್ತಿದ್ದರು: ಸೇತುವೆ ದಾಟು, ಎಡಕ್ಕೆ ತಿರುಗು, ಬಂಡೆ ಪಕ್ಕ ನೋಡು. ಸ್ಕೈರಿಮ್‌ನವರು ಹಾಗೆ ದಾರಿ ಹೇಳುವುದು ಅಪರೂಪ. ಬಾಣದ ಗುರುತೂ ಇಲ್ಲದಿದ್ದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಗುರುತು ಇರಲಿ, ಫಾಸ್ಟ್ ಟ್ರಾವೆಲ್ (ನಕ್ಷೆ ಒತ್ತಿ ಕ್ಷಣದಲ್ಲಿ ಜಾಗ ತಲುಪುವುದು) ಕಡಿಮೆ ಮಾಡಿ. ದೊಡ್ಡ ಊರುಗಳ ಹೊರಗೆ ಗಾಡಿಯವನಿರುತ್ತಾನೆ. ಅವನಿಗೆ ನಾಣ್ಯ ಕೊಟ್ಟು ದೂರದ ಊರಿಗೆ ಇಳಿದುಕೊಂಡು ಅಲ್ಲಿಂದ ಕಾಲ್ನಡಿಗೆ. ಸ್ಕೈರಿಮ್‌ನ ಒಳ್ಳೆಯ ಸಂಗತಿಗಳೆಲ್ಲ ನಡುದಾರಿಯಲ್ಲೇ ಸಿಗುವುದು.

ವಿಚರ್ 3: ಮಗಳು ಕಾಣೆ, ಅಪ್ಪ ಇಸ್ಪೀಟಿನಲ್ಲಿ

2015ರ ಮೇ ತಿಂಗಳಲ್ಲಿ ಬಂದ ಈ ಆಟದ ಲೆಕ್ಕ ತಿರುಗುಮುರುಗು. ಇಲ್ಲಿ ರಾಕ್ಷಸರಿಗೂ ಕ್ವೆಸ್ಟ್‌ಗಳಿಗೂ ನಿಗದಿಯಾದ ಲೆವೆಲ್ ಇದೆ. ನಿಮಗಿಂತ ತುಂಬಾ ಮೇಲಿನವನ ತಲೆಯ ಹತ್ತಿರ ಕೆಂಪು ತಲೆಬುರುಡೆ ಕಾಣುತ್ತದೆ. ಅವನ ತಂಟೆಗೆ ಹೋಗಬೇಡಿ. ಅನುಭವದ ಅಂಕಗಳು ಬಹುಪಾಲು ಕ್ವೆಸ್ಟ್‌ನಿಂದಲೇ ಬರುತ್ತವೆ, ರಾಕ್ಷಸರನ್ನು ಕೊಂದರೆ ಚಿಲ್ಲರೆ. ಕಾಡಿನಲ್ಲಿ ನಿಂತು ದಿನವಿಡೀ ತೋಳ ಕೊಂದರೂ ಲೆವೆಲ್ ಏರುವುದಿಲ್ಲ.

ಈಗ ನಕ್ಷೆ ತೆರೆಯಿರಿ. ಎಲ್ಲೆಲ್ಲೂ ಪ್ರಶ್ನಾರ್ಥಕ ಚಿಹ್ನೆ. ಒಂದನ್ನೂ ಬಿಡದೆ ಅಳಿಸಬೇಕು ಅಂತ ಕೈ ತುರಿಸುತ್ತದೆ ಅಲ್ವಾ? ಬೇಡ. ಅವುಗಳಲ್ಲಿ ಸಾಮಾನು ಸಿಗುತ್ತದೆ, ಅನುಭವ ಹೆಚ್ಚು ಸಿಗುವುದಿಲ್ಲ. ಅದರಲ್ಲೂ ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಿ ತೇಲುವ ಚಿಹ್ನೆಗಳಿವೆಯಲ್ಲ, ಕಳ್ಳಸಾಗಣೆಯವರ ಪೀಪಾಯಿ, ಪೆಟ್ಟಿಗೆಗಳು. ದೋಣಿಯಲ್ಲಿ ಹೋಗು, ಹಾರುವ ಸೈರನ್‌ಗಳನ್ನು ಹೊಡಿ, ಮುಳುಗು, ಬಾಚಿಕೋ, ಮತ್ತೆ ಹೋಗು. ನಾನು ಒಂದು ವಾರ ಅದೇ ಮಾಡಿ ಆಟವನ್ನೇ ಬಿಟ್ಟಿದ್ದೆ. ಮತ್ತೆ ಕೈಗೆತ್ತಿಕೊಳ್ಳಲು ಆರು ತಿಂಗಳು ಬೇಕಾಯಿತು.

ಒಂದೇ ಒಂದು ಕಡೆ ಪೂರ್ತಿ ಗುಡಿಸಬೇಕು: ಮೊದಲ ಊರು ವೈಟ್ ಆರ್ಚರ್ಡ್. ಅಲ್ಲಿ 6 ಪ್ಲೇಸ್ ಆಫ್ ಪವರ್ ಕಲ್ಲುಗಳಿವೆ. ಪ್ರತಿಯೊಂದೂ ಒಂದು ಸ್ಕಿಲ್ ಅಂಕ ಕೊಡುತ್ತದೆ. ಲೆವೆಲ್ ಏರಿದಾಗ ಸಿಗುವುದೂ ಒಂದೇ ಅಂಕ. ಅಂದರೆ ಊರು ಬಿಡುವ ಮೊದಲೇ 6 ಲೆವೆಲ್‌ಗೆ ಸಮನಾದ ಅಂಕಗಳು ಜೇಬಲ್ಲಿ.

ಅಲ್ಲಿಂದ ಮುಂದೆ ಕಥೆಯ ದಾರದಲ್ಲೇ ನಡೆಯಿರಿ. ವೆಲೆನ್‌ಗೆ ಬಂದ ಮೇಲೆ ಬ್ಲಡಿ ಬ್ಯಾರನ್‌ನ ಕಥೆ ಹಿಡಿಯಿರಿ, ಊರೂರಿನ ನೋಟಿಸ್ ಬೋರ್ಡ್‌ನಿಂದ ನಿಮ್ಮ ಲೆವೆಲ್‌ಗೆ ಎರಡು ಮೂರು ಹೆಚ್ಚುಕಡಿಮೆ ಇರುವ ಕೆಲಸಗಳನ್ನು ಮಾತ್ರ ಎತ್ತಿಕೊಳ್ಳಿ. ಈ ಆಟದ ಉಪಕಥೆಗಳು ಎಷ್ಟೋ ಆಟಗಳ ಮುಖ್ಯ ಕಥೆಗಿಂತ ಚೆನ್ನಾಗಿವೆ, ಹಾಗಾಗಿ ಬಿಡುವುದು ಕಷ್ಟ. ಆದರೆ ಎಲ್ಲವನ್ನೂ ತಿಂದರೆ ಅಜೀರ್ಣ. ಉಪಕಥೆಗಳಲ್ಲೇ ಲೆವೆಲ್ ಏರಿಸಿಕೊಂಡು ಬಂದರೆ ಮುಖ್ಯ ಕಥೆಯ ಕ್ವೆಸ್ಟ್‌ಗಳು ಬೂದು ಬಣ್ಣಕ್ಕೆ ತಿರುಗುತ್ತವೆ. ಅವುಗಳಿಂದ ಅನುಭವವೂ ಅಷ್ಟಕ್ಕಷ್ಟೇ, ಕಾದಾಟದಲ್ಲಿ ಸ್ವಾರಸ್ಯವೂ ಇಲ್ಲ. ಇದಕ್ಕೆ ಪರಿಹಾರವಾಗಿ ಎನಿಮಿ ಅಪ್‌ಸ್ಕೇಲಿಂಗ್ ಅನ್ನುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಹಾಕಿದರೆ ಕೆಳಗಿನ ಶತ್ರುಗಳೂ ನಿಮ್ಮ ಮಟ್ಟಕ್ಕೆ ಏರುತ್ತಾರೆ. ಆದರೆ ನಾವು ಆಡಿಸುವ ನಾಯಕ, ಮಹಾ ಬೇಟೆಗಾರ ಗೆರಾಲ್ಟ್‌ನನ್ನು ಎರಡು ತೋಳ ಬೆವರಿಳಿಸುವುದನ್ನು ನೋಡೋಕೆ ನನಗೆ ಮನಸ್ಸು ಬರಲಿಲ್ಲ. ತೆಗೆದುಹಾಕಿದೆ.

ಕಥೆಯ ಒಳಗೂ ಒಂದು ಇರುಸುಮುರುಸಿದೆ. ಮಗಳಂತೆ ಸಾಕಿದ ಸಿರಿಯನ್ನು ವೈಲ್ಡ್ ಹಂಟ್ ಎಂಬ ಭಯಂಕರ ಸವಾರರ ದಂಡು ಅಟ್ಟಿಸಿಕೊಂಡು ಹೋಗುತ್ತಿದೆ. ಅಪ್ಪ ಹೋಟೆಲಿನಲ್ಲಿ ಕೂತು ಗ್ವೆಂಟ್ ಕಾರ್ಡ್ ಆಡುತ್ತಿದ್ದಾನೆ. ಸ್ಕೈರಿಮ್‌ನಲ್ಲಿ ನಿಮ್ಮ ಪಾತ್ರಕ್ಕೆ ಹಿಂದುಮುಂದಿಲ್ಲ, ಅಲೆದರೆ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ, ನಿಮ್ಮ ಮನಸ್ಸೇ ಕೇಳುತ್ತದೆ. ಮುಖ್ಯ ಕಥೆ ಉಸಿರು ಬಿಡುವ ಜಾಗಗಳಲ್ಲಿ, ಅಂದರೆ ಯಾರೋ "ಸುದ್ದಿ ಬರುವ ತನಕ ಕಾಯಿ" ಅಂದಾಗ, ಉಪಕಥೆಗಳಿಗೆ ಹೋದರೆ ಈ ಇರುಸುಮುರುಸು ಕಡಿಮೆ.

ಬೆಳವಣಿಗೆ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಕಿಲ್ ಕೊಂಡರೆ ಸಾಲದು, ಅದನ್ನು ಖಾನೆಯಲ್ಲಿ ಕೂರಿಸಬೇಕು. ಮೂಲ ಆಟದಲ್ಲಿ ಖಾನೆ 12, ಅವೂ ಲೆವೆಲ್ ಏರಿದ ಹಾಗೆ ತೆರೆಯುತ್ತವೆ. ಹೊರಗುಳಿದ ಸ್ಕಿಲ್ ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ಇದ್ದ ಹಾಗೆ. ಕೆಂಪು ಕಾದಾಟ, ನೀಲಿ ಮಂತ್ರ, ಹಸಿರು ಮದ್ದು. ಪಕ್ಕದಲ್ಲಿಡುವ ಮ್ಯೂಟಜನ್ ಎಂಬ ಬಲವರ್ಧಕಕ್ಕೂ ಬಣ್ಣವಿದೆ, ಬಣ್ಣ ಹೊಂದಿದರೆ ಬಲ ಹೆಚ್ಚು. ಆದ್ದರಿಂದ ಒಂದು ಬಣ್ಣ ಪ್ರಧಾನವಾಗಿರಲಿ. ತಪ್ಪಾಯಿತು ಅನ್ನಿಸಿದರೆ ಪೋಷನ್ ಆಫ್ ಕ್ಲಿಯರೆನ್ಸ್ ಕುಡಿದು ಹಂಚಿಕೆಯನ್ನೇ ಬದಲಾಯಿಸಬಹುದು, ದುಬಾರಿ ಅಷ್ಟೇ. ಮದ್ದು ಒಮ್ಮೆ ತಯಾರಿಸಿದರೆ ಸಾಕು. ಚೀಲದಲ್ಲಿ ಗಟ್ಟಿ ಮದ್ಯ ಇದ್ದರೆ ಧ್ಯಾನಕ್ಕೆ ಕೂತಾಗ ತಾನೇ ತುಂಬಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಮದ್ದನ್ನು ಜಿಪುಣನ ಹಾಗೆ ಕೂಡಿಟ್ಟವರಲ್ಲಿ ನಾನೂ ಒಬ್ಬ.

ಎಲ್ಡನ್ ರಿಂಗ್: ಸೋತರೆ ಬೇರೆ ದಾರಿ ನೋಡು

2022ರ ಫೆಬ್ರವರಿ 25ಕ್ಕೆ ಬಂತು. ಇಲ್ಲೂ ಶತ್ರುಗಳು ಜಾಗಕ್ಕೆ ತಕ್ಕಂತೆ ನಿಗದಿಯಾದವರು, ನಿಮ್ಮ ಜೊತೆ ಬೆಳೆಯುವುದಿಲ್ಲ. ಆದರೆ ತಲೆಯ ಮೇಲೆ ಲೆವೆಲ್ ಬರೆದಿರುವುದಿಲ್ಲ. ಏಟು ತಿಂದು ತಿಳಿಯಬೇಕು.

ಶತ್ರುಗಳಿಂದ ಸಿಗುವ ರೂನ್ ಕೊಟ್ಟು ಲೆವೆಲ್ ಕೊಳ್ಳಬಹುದು ನಿಜ. ಆದರೆ ಮೊದಲ ಹತ್ತಿಪ್ಪತ್ತು ಗಂಟೆಯಲ್ಲಿ ನಿಮ್ಮನ್ನು ಬದುಕಿಸುವುದು ಬೇರೆ ಮೂರು. ಒಂದು, ಆಯುಧವನ್ನು ಗಟ್ಟಿ ಮಾಡುವ ಸ್ಮಿಥಿಂಗ್ ಸ್ಟೋನ್. ಎರಡು, ಮದ್ದಿನ ಫ್ಲಾಸ್ಕ್‌ಗಳ ಸಂಖ್ಯೆ ಹೆಚ್ಚಿಸುವ ಗೋಲ್ಡನ್ ಸೀಡ್, ಅದರ ಗುಣ ಹೆಚ್ಚಿಸುವ ಸೇಕ್ರೆಡ್ ಟಿಯರ್. ಮೂರು, ಜೊತೆಗೆ ಕಾದಾಡಲು ಕರೆಯುವ ಸ್ಪಿರಿಟ್ ಆಶ್. ಇವು ಸಿಗುವುದು ಗಣಿಯಲ್ಲಿ, ಹೊಳೆಯುವ ಪುಟ್ಟ ಮರದ ಬುಡದಲ್ಲಿ, ಪಾಳುಬಿದ್ದ ಚರ್ಚಿನಲ್ಲಿ, ನೆಲಮಾಳಿಗೆಯಲ್ಲಿ. ಸುತ್ತದೇ ಇದ್ದರೆ ಯಾವುದೂ ಇಲ್ಲ. ಸ್ಕೈರಿಮ್‌ನಲ್ಲಿ ಸುತ್ತಾಟ ಖುಷಿಗೆ, ಇಲ್ಲಿ ಹೊಟ್ಟೆಪಾಡಿಗೆ.

ಗೇಟ್‌ಫ್ರಂಟ್ ಎಂಬಲ್ಲಿನ ಗ್ರೇಸ್ (ಕೂತು ಸುಧಾರಿಸಿಕೊಳ್ಳುವ ಚಿನ್ನದ ಬೆಳಕಿನ ಜಾಗ) ತನಕ ನೇರ ಹೋಗಿ. ಅಲ್ಲಿ ಕೂತರೆ ಮೆಲಿನಾ ಎಂಬಾಕೆ ಬಂದು ಲೆವೆಲ್ ಏರಿಸುವ ದಾರಿ ಮತ್ತು ಟೊರೆಂಟ್ ಎಂಬ ಕುದುರೆ ಎರಡನ್ನೂ ಕೊಡುತ್ತಾಳೆ. ಇವೆರಡಿಲ್ಲದೆ ಬೇರೇನೂ ಮಾಡಬೇಡಿ. ಅಲ್ಲಿಂದ ಗ್ರೇಸ್‌ನ ಚಿನ್ನದ ಕಿರಣ ಸ್ಟಾರ್ಮ್‌ವೇಲ್ ಕೋಟೆಯ ಕಡೆ ತೋರಿಸುತ್ತದೆ. ಅದನ್ನು ನಂಬಿ ಹೋದರೆ ಮಾರ್ಗಿಟ್ ಎಂಬ ಬಾಸ್, ಅಂದರೆ ದೊಡ್ಡ ಶತ್ರು, ಕಾದಿರುತ್ತಾನೆ. ಕಿರಣ ಸುಳ್ಳು ಹೇಳುವುದಿಲ್ಲ, ಕಥೆ ಇರುವುದು ಅತ್ತಲೇ. ಆದರೆ "ಈಗಲೇ ಹೋಗು" ಅಂತ ಅದು ಹೇಳಿಲ್ಲ. ತಿರುಗಿ ದಕ್ಷಿಣಕ್ಕೆ ಹೋಗಿ, ವೀಪಿಂಗ್ ಪೆನಿನ್ಸುಲಾ ಪೂರ್ತಿ ಸುತ್ತಿ ಬನ್ನಿ. ಶತ್ರುಗಳು ಸುಲಭ, ಸಾಮಾನು ಜಾಸ್ತಿ. ಚರ್ಚ್ ಆಫ್ ಎಲ್ಲೆ ಎಂಬಲ್ಲಿನ ಕಮ್ಮಾರಿಕೆಯ ಮೇಜಿನಲ್ಲಿ ಆಯುಧವನ್ನು +3 ತನಕ ಗಟ್ಟಿ ಮಾಡಿಕೊಳ್ಳಬಹುದು. ಆಮೇಲೆ ನೋಡಿ ಮಾರ್ಗಿಟ್‌ನ ಮುಖ.

ಪೂರ್ವಕ್ಕೆ ಹೋದವರ ಕಥೆ ಬೇರೆ. ಡ್ರ್ಯಾಗನ್-ಬರ್ನ್ಟ್ ಅವಶೇಷಗಳ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಎದ್ದು ನಿಮ್ಮನ್ನು ನೇರ ಕೇಲಿಡ್‌ನ ಒಂದು ಗಣಿಯೊಳಗೆ ಎಸೆಯುತ್ತದೆ. ಆ ಸೀಮೆಗೆ ಹೋಗುವ ಶಕ್ತಿ ಬರಲು ನಿಮಗಿನ್ನೂ ಎಷ್ಟೋ ದಿನ ಬೇಕು. ಗಣಿಯಿಂದ ಹೊರಬೀಳುವ ತನಕ ಫಾಸ್ಟ್ ಟ್ರಾವೆಲ್ ಕೂಡ ಇಲ್ಲ. ಬಗ್ಗಿ ಬಗ್ಗಿ ತೆವಳಿ ಆಚೆ ಬಂದಾಗ ಕಾಣುವ ಕೆಂಪು ಆಕಾಶವಿದೆಯಲ್ಲ, ಇಷ್ಟು ವರ್ಷದ ಆಟದಲ್ಲಿ ಅಷ್ಟು ಹೆದರಿದ್ದು ಕಡಿಮೆ. ಲೆವೆಲ್ ಬರೆದಿಟ್ಟ ನಕ್ಷೆಯಲ್ಲಿ ಈ ಅನುಭವ ಆಗುವುದೇ ಇಲ್ಲ.

ಸತ್ತರೆ ಕೈಲಿದ್ದ ರೂನ್‌ಗಳು ಅಲ್ಲೇ ಬೀಳುತ್ತವೆ. ಎತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಹೋದದ್ದು ಹೋಯಿತು. ಹೊಸ ಸೀಮೆಗೆ ಕಾಲಿಡುವ ಮೊದಲು ಇದ್ದದ್ದೆಲ್ಲ ಖರ್ಚು ಮಾಡಿ. ಬರಿಗೈಲಿ ಹೋದವನಿಗೆ ಕಳ್ಳರ ಭಯವಿಲ್ಲ, ಮುಂದಿನ ತಿರುವಿನಲ್ಲಿ ಏನಿದೆ ಅಂತ ನೋಡುವ ಧೈರ್ಯವೂ ಬರುತ್ತದೆ.

ಎಂಟು ಗುಣಗಳಲ್ಲಿ ಅಂಕ ಎಲ್ಲಿ ಹಾಕಬೇಕು? ಎಲ್ಲರಿಗೂ ಒಂದೇ ಮಾತು: ವಿಗರ್, ಅಂದರೆ ಜೀವಬಲ. ಹೊಸಬರು ಹೊಡೆತದ ಬಲಕ್ಕೆ ಸುರಿದು ಜೀವಕ್ಕೆ ಹಾಕುವುದೇ ಇಲ್ಲ. ವಿಗರ್ 40 ದಾಟಿದ ಮೇಲೆ ಲಾಭ ನಿಧಾನವಾಗಿ ಇಳಿಯುತ್ತದೆ, 60 ದಾಟಿದರೆ ತೀರಾ ಕಡಿಮೆ. ಹಾಗಾಗಿ ಆಟದ ನಡುಭಾಗಕ್ಕೆ 40 ಮುಟ್ಟಿಸಿ. ಆಯುಧಕ್ಕೆ ಬೇಕಾದಷ್ಟು ಮಾತ್ರ ಉಳಿದದ್ದಕ್ಕೆ. ರಾಯಾ ಲುಕಾರಿಯಾದ ರಾಣಿ ರೆನ್ನಾಲಾಳನ್ನು ಗೆದ್ದ ಮೇಲೆ ಲಾರ್ವಲ್ ಟಿಯರ್ ಕೊಟ್ಟು ಎಲ್ಲ ಅಂಕ ಮರುಹಂಚಬಹುದು. ಅಲ್ಲಿಯ ತನಕ ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ.

2024ರ ಜೂನ್‌ನಲ್ಲಿ ಬಂದ ಶಾಡೋ ಆಫ್ ದಿ ಎರ್ಡ್‌ಟ್ರೀ ವಿಸ್ತರಣೆ ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿತು. ಲೆವೆಲ್ 150 ಇದ್ದರೂ ಅಲ್ಲಿ ಹೊಡೆತ ಜೋರು. ಹುಡುಕಿ ತರುವ ಸ್ಕಾಡುಟ್ರೀ ಚೂರುಗಳಿಂದಲೇ ಆ ಲೋಕದಲ್ಲಿ ಬಲ, 20 ಹಂತದ ತನಕ. ಸುತ್ತದೆ ಬಾಸ್‌ನಿಂದ ಬಾಸ್‌ಗೆ ಓಡಿದವರು "ಆಟ ಅನ್ಯಾಯ" ಅಂದರು. ಕೆಲವೇ ದಿನಗಳಲ್ಲಿ ಮೊದಲ ಹಂತಗಳ ಬಲವನ್ನು ಕಂಪನಿ ಸ್ವಲ್ಪ ಏರಿಸಿತು. ನನ್ನ ಚಿಕ್ಕಪ್ಪನ ಮಗನಿಗೆ ಅದೂ ಇಷ್ಟವಾಗಲಿಲ್ಲ. ಅವನ ಜಾತಿಯೇ ಬೇರೆ ಬಿಡಿ.

ಹಾಗಾದರೆ ಯಾರಿಗೆ ಯಾವುದು

ದಿನಕ್ಕೆ ಒಂದು ಗಂಟೆ, ಅದೂ ಕೆಲಸ ಮುಗಿದ ಮೇಲೆ ಅನ್ನುವವರಿಗೆ ವಿಚರ್ 3. ಒಂದು ಕ್ವೆಸ್ಟ್ ಒಂದು ಕೂರಿಕೆಗೆ ಮುಗಿಯುತ್ತದೆ. ವಾರ ಬಿಟ್ಟು ಬಂದರೂ ಸೇವ್ ತೆರೆಯುವಾಗ ಕವಿ ಡ್ಯಾಂಡಿಲಿಯನ್ ಇಲ್ಲಿಯವರೆಗಿನ ಕಥೆ ನೆನಪಿಸುತ್ತಾನೆ. ಎಲ್ಡನ್ ರಿಂಗ್‌ನಲ್ಲಿ ಕ್ವೆಸ್ಟ್ ಪಟ್ಟಿಯೇ ಇಲ್ಲ. ಯಾರು ಏನು ಹೇಳಿದರು, ಯಾವ ಬಾಗಿಲು ಮುಚ್ಚಿತ್ತು ಅಂತ ನೀವೇ ಬರೆದಿಡಬೇಕು. ನನ್ನದೊಂದು 100 ಪುಟದ ನೋಟ್‌ಬುಕ್ ಅದಕ್ಕೇ ಮೀಸಲು.

ಮನೆಯಲ್ಲಿ ಪದೇ ಪದೇ ಯಾರಾದರೂ ಕರೆಯುತ್ತಾರಾ? ಹಾಗಿದ್ದರೆ ಸ್ಕೈರಿಮ್. ಎಲ್ಲಿ ಬೇಕಾದರೂ ಸೇವ್, ಎಲ್ಲಿ ಬೇಕಾದರೂ ನಿಲ್ಲಿಸಿ ಏಳಬಹುದು. ಎಲ್ಡನ್ ರಿಂಗ್‌ನಲ್ಲಿ ಪಾಜ್ ಬಟನ್ ಒತ್ತುತ್ತೇನೆ ಅಂದರೆ ಮೆನು ತೆರೆಯುತ್ತದೆ, ಬಾಸ್ ಹೊಡೆಯುತ್ತಲೇ ಇರುತ್ತಾನೆ. "ಬಂದೆ ಅಮ್ಮಾ, ಎರಡೇ ನಿಮಿಷ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಇದ್ದರೂ ಸ್ಕೈರಿಮ್‌ಗೇ ಹೋಗಿ. ಎಲ್ಡನ್ ರಿಂಗ್ ಪಿಸಿಯಲ್ಲಿ ಕನಿಷ್ಠ 12 ಜಿಬಿ ರ್‍ಯಾಮ್, 60 ಜಿಬಿ ಜಾಗ ಕೇಳುತ್ತದೆ. ಮೂರೂ ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಯಲ್ಲಿ ರೂಪಾಯಿ ಬೆಲೆಗೇ ಸಿಗುತ್ತವೆ. ಮೊದಲೆರಡು ಸೇಲ್ ಹೊತ್ತಿಗೆ ಚೆನ್ನಾಗಿ ಇಳಿಯುತ್ತವೆ, ಅವಸರ ಬೇಡ.

ಪರೀಕ್ಷೆ ಮುಗಿದ ರಜೆಯಲ್ಲಿರುವವರು, ಸೋಲು ತಡೆದುಕೊಳ್ಳುವವರು ಕಣ್ಣು ಮುಚ್ಚಿ ಎಲ್ಡನ್ ರಿಂಗ್ ಹಿಡಿಯಿರಿ. ಅಲೆದಾಟಕ್ಕೆ ಅಷ್ಟು ಧಾರಾಳವಾಗಿ ಕೂಲಿ ಕೊಡುವ ಆಟ ನಾನು ಕಂಡಿಲ್ಲ. ಸತ್ತ ಕೂಡಲೇ ಕಂಟ್ರೋಲರ್ ಎಸೆಯುವ ಸ್ವಭಾವವಾದರೆ ಬೇಡ. ಕಂಟ್ರೋಲರ್ ಬೆಲೆಯೂ ಈಗ ಕಡಿಮೆಯಿಲ್ಲ.

ಅಂದಹಾಗೆ, ಟ್ರೀ ಸೆಂಟಿನೆಲ್ ಹತ್ತಿರ ಮೂರು ವಾರ ಬಿಟ್ಟು ಮತ್ತೆ ಹೋದೆ. ನನ್ನ ಸಮುರಾಯ್‌ಗೆ ಆಗ ಕುದುರೆ ಇತ್ತು, ಗಟ್ಟಿ ಮಾಡಿದ ಕತ್ತಿ ಇತ್ತು, ಲೆವೆಲ್ 30 ದಾಟಿತ್ತು. ಎರಡನೇ ಪ್ರಯತ್ನಕ್ಕೇ ಬಿದ್ದ. ಬಹುಮಾನವಾಗಿ ಅವನ ಕೈಯಲ್ಲಿದ್ದ ಅದೇ ಗೋಲ್ಡನ್ ಹಾಲ್ಬರ್ಡ್ ಸಿಕ್ಕಿತು. ಖುಷಿಯಿಂದ ತೆಗೆದು ನೋಡಿದರೆ, ಎತ್ತಲು ಸ್ಟ್ರೆಂತ್ 30 ಬೇಕು. ನನ್ನದು 14.

"ಮೊದಲೇ ಹೇಳಿದ್ದೆ ಬಿಡು ಅಂತ" ಅಂದ ಚಿಕ್ಕಪ್ಪನ ಮಗ.